ಕಾಣೆಯಾದ ನಡುಗಾತ್ರ

ಉತ್ತರ ಅಮೆರಿಕದ ಮಾಂಟಾನಾ ಮತ್ತು ಡಕೋಟಾ ಪ್ರಾಂತಗಳಲ್ಲಿ, ಮಳೆಗಾಳಿಗಳು ಕೊರೆದು ಬೋಳುಮಾಡಿದ ಗುಡ್ಡಗಳ ನಡುವೆ, ಹೆಲ್ ಕ್ರೀಕ್ ಶಿಲಾಸ್ತೋಮವೆಂದು ಭೂವಿಜ್ಞಾನಿಗಳು ಹೆಸರಿಟ್ಟಿರುವ ಮರಳುಗಲ್ಲಿನ ಮತ್ತು ಜೇಡಿಗಲ್ಲಿನ ಪದರಗಳು ಬಯಲಾಗಿ ನಿಂತಿವೆ. ಇಂದಿಗೆ ಆರು ಕೋಟಿ ಅರುವತ್ತು ಲಕ್ಷ ವರ್ಷಗಳಿಗೂ ಹಿಂದೆ, ಡೈನೋಸಾರ್‌ಗಳ ಕಾಲವು ಮುಗಿಯುತ್ತ ಬಂದಿದ್ದಾಗ, ಅಲ್ಲಿ ಹರಿಯುತ್ತಿದ್ದ ನದಿಗಳ ಹೂಳಿನಲ್ಲಿ ಹುದುಗಿಹೋದ ಪ್ರಾಣಿಗಳ ಅಸ್ಥಿಗಳು ಈ ಪದರಗಳಲ್ಲಿ ದೊರೆಯುತ್ತವೆ. 1902ರಲ್ಲಿ ಬಾರ್ನಮ್ ಬ್ರೌನ್ ಎಂಬ ಸಂಗ್ರಾಹಕರು ಇಲ್ಲಿಂದ ಅಗೆದು ತೆಗೆದ ಭೀಮಕಾಯದ ಅಸ್ಥಿಪಂಜರಕ್ಕೆ 1905ರಲ್ಲಿ ನ್ಯೂಯಾರ್ಕಿನ ಹೆನ್ರಿ ಫೇರ್‌ಫೀಲ್ಡ್ ಆಸ್‌ಬರ್ನ್ ಎಂಬ ವಿದ್ವಾಂಸರು ಟೈರನೋಸಾರಸ್ ರೆಕ್ಸ್ ಎಂದು ನಾಮಕರಣ ಮಾಡಿದರು. ಆ ಹೆಸರು ಈಗ ಎಳೆಯ ಮಕ್ಕಳ ನಾಲಗೆಯ ಮೇಲೂ ನಲಿಯುತ್ತಿರುವುದರಿಂದ ಅದರ ಪರಿಚಯವನ್ನು ಬೆಳಸಬೇಕಾದುದಿಲ್ಲ. ಅದರ ಭಯಂಕರತ್ವವನ್ನು ವರ್ಣಿಸುವ ಕೆಲಸವನ್ನು ಚಲನಚಿತ್ರದವರಿಗೆ ಬಿಟ್ಟು, ಅದರ ನೆರೆಹೊರೆಯಲ್ಲಿ ಯಾರು ಯಾರು ಬಾಳುತ್ತಿದ್ದರೆಂಬುದನ್ನು ನಾವಿಲ್ಲಿ ವಿಚಾರಿಸೋಣ.

ಹೆಲ್ ಕ್ರೀಕ್‌ನ ಸಸ್ಯಾಹಾರಿಗಳಲ್ಲಿ ಎಲ್ಲ ಗಾತ್ರದವೂ ಇದ್ದುವು. ಮೂರು ಕೊಂಬಿನ ಟ್ರೈಸೆರಟಾಪ್ಸ್, ಚಪ್ಪಟೆ ಮೂತಿಯ ಎಡ್ಮಂಟೋಸಾರಸ್, ಬೆನ್ನಮೇಲೆ ಎಲುಬಿನ ಕವಚ ತೊಟ್ಟ ಆಂಕಿಲೋಸಾರಸ್ ಇವು ಅನೇಕ ಟನ್ನು ತೂಗುತ್ತಿದ್ದ ಜೀವಿಗಳು. ದಪ್ಪ ತಲೆಬುರುಡೆಯ ಪ್ಯಾಕಿಸೆಫಲೋಸಾರಸ್ ಮತ್ತು ಥೆಸೆಲೋಸಾರಸ್ ಇವು ಕೆಲವು ನೂರು ಕಿಲೋಗ್ರಾಂ ತೂಕದವು. ಮಾಂಸಾಹಾರಿಗಳ ಕಡೆಗೆ ತಿರುಗಿದರೆ ಚಿತ್ರವು ಬೇರೆಯಾಗುತ್ತದೆ. ಒಂದು ತುದಿಯಲ್ಲಿ ಎಂಟು ಟನ್ನಿನಷ್ಟು ತೂಗುವ ಟೈರನೋಸಾರಸ್ ನಿಂತಿದೆ. ಇನ್ನೊಂದು ತುದಿಯಲ್ಲಿ ಅಕೆರೋರ್‍ಯಾಪ್ಟರ್‌ನಂಥ, ಒಬ್ಬ ಮನುಷ್ಯನ ತೂಕವನ್ನೂ ಮುಟ್ಟದ ಚುರುಕು ಜೀವಿಗಳಿವೆ. ನಡುವಿನ ವಿಶಾಲವಾದ ಅಂತರದಲ್ಲಿ ನಿಸ್ಸಂದೇಹವಾಗಿ ಇಂಥದೆಂದು ಬೆರಳಿಟ್ಟು ತೋರಿಸಬಹುದಾದ ಪ್ರಾಣಿಯು ಬಹುಕಾಲದವರೆಗೆ ಸಿಕ್ಕಲಿಲ್ಲ. 2015ರಲ್ಲಿ ಡಕೋಟಾರ್‍ಯಾಪ್ಟರ್ ಎಂಬೊಂದನ್ನು ಈ ಜಾಗಕ್ಕೆ ತಂದು ಕೂರಿಸಲಾಯಿತಾದರೂ, ಅದರ ಎದೆಯ ಎಲುಬೆಂದು ಎಣಿಸಿದ್ದ ತುಣುಕು ಒಂದು ಆಮೆಯ ಚಿಪ್ಪಿನ ಭಾಗವೆಂದು ಮಾರನೆಯ ವರ್ಷವೇ ತಿಳಿದುಬಂದುದರಿಂದ, ಆ ಅಸ್ಥಿರಾಶಿಯನ್ನು ವಿದ್ವಾಂಸರು ಅಲ್ಲಿಂದ ಮುಂದೆ ಸ್ವಲ್ಪ ಸಂಶಯದಿಂದಲೇ ನೋಡತೊಡಗಿದರು.

ಇದರಲ್ಲಿ ಸೋಜಿಗವೇನೆಂಬುದು ನಮ್ಮ ಕಾಡುಗಳನ್ನು ಬಲ್ಲವರಿಗೆ ಕೂಡಲೆ ಹೊಳೆಯುತ್ತದೆ. ನಾಗರಹೊಳೆಯ ಅರಣ್ಯದಲ್ಲಿ ಹುಲಿ, ಚಿರತೆ, ಸೀಳುನಾಯಿ ಈ ಮೂರೂ ಒಂದೇ ನೆಲದಲ್ಲಿ ಬೇಟೆಯಾಡುತ್ತವೆ. ಅವುಗಳ ಆಹಾರವನ್ನು ಶ್ರಮಪಟ್ಟು ಪರೀಕ್ಷಿಸಿದ ಉಲ್ಲಾಸ ಕಾರಂತ ಮತ್ತು ಮೆಲ್ವಿನ್ ಸನ್‌ಕ್ವಿಸ್ಟ್ ಅವರು 1995ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಹುಲಿಯು ಕೊಲ್ಲುವ ಮುಖ್ಯ ಬೇಟೆಯ ಸರಾಸರಿ ತೂಕವು ಸುಮಾರು 91 ಕಿಲೋಗ್ರಾಂ, ಸೀಳುನಾಯಿಯದು 43, ಚಿರತೆಯದು 38. ಕಾಟಿ ಮತ್ತು ಕಡವೆಗಳ ಕಡೆಗೆ ಹುಲಿ ತಿರುಗಿದರೆ, ಜಿಂಕೆಯಂಥ ನಡುಗಾತ್ರದ ಬೇಟೆಯ ಕಡೆಗೆ ಉಳಿದೆರಡು ತಿರುಗುತ್ತವೆ. ಅವಕ್ಕೂ ಕೆಳಗೆ ಕಾಡುಬೆಕ್ಕು, ಮುಂಗುಸಿ, ಪುನುಗುಬೆಕ್ಕುಗಳ ಸಾಲು ಇದೆ. ಸ್ತನಿಗಳ ಸಮುದಾಯವು ಎಲ್ಲಿ ನೆಲೆಸಿರಲಿ, ಆಫ್ರಿಕದ ಹುಲ್ಲುಗಾವಲಿನಲ್ಲೇ ಆಗಲಿ ಏಷ್ಯದ ಕಾಡಿನಲ್ಲೇ ಆಗಲಿ, ಮಾಂಸಾಹಾರಿಗಳ ಗಾತ್ರವು ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿದುಬರುವುದೇ ವಾಡಿಕೆ. ಹೆಲ್ ಕ್ರೀಕ್‌ನಲ್ಲಿಯೋ, ಮೇಲಿನ ಮೆಟ್ಟಿಲಿನಿಂದ ನೇರವಾಗಿ ಅಂಗಳಕ್ಕೆ ಧುಮುಕಬೇಕು.

ದೊಡ್ಡ ಮಾಂಸಾಹಾರಿಯು ದೊಡ್ಡದನ್ನೂ ಸಣ್ಣ ಮಾಂಸಾಹಾರಿಯು ಸಣ್ಣದನ್ನೂ ತಿನ್ನುತ್ತದೆಂಬುದು ಹೇಳಬೇಕಾದ ಮಾತೇ ಅಲ್ಲವೆಂದು ತೋರಬಹುದಾದರೂ, ಅದರ ಹಿಂದೆ ಒಂದು ನಿಷ್ಠುರವಾದ ಜಮಾಖರ್ಚು ಇದೆ. 1999ರಲ್ಲಿ ಕ್ರಿಸ್ ಕಾರ್ಬೋನ್ ಮತ್ತು ಅವರ ಸಂಗಡಿಗರು ಈಗಿನ ಮಾಂಸಾಹಾರಿ ಸ್ತನಿಗಳನ್ನು ಒಟ್ಟಿಗೆ ಇಟ್ಟು ನೋಡಿ, ಸುಮಾರು 21 ಕಿಲೋಗ್ರಾಂ ತೂಕದ ಆಸುಪಾಸಿನಲ್ಲಿ ಒಂದು ಗಡಿ ಇರುವುದನ್ನು ಕಂಡರು: ಅದಕ್ಕಿಂತ ಹಗುರವಾದವು ಹುಳುಹುಪ್ಪಟೆ, ಇಲಿಹೆಗ್ಗಣಗಳನ್ನು ನೆಚ್ಚಿ ಬದುಕಬಲ್ಲವು; ಅದನ್ನು ಮೀರಿದವು ತಮ್ಮ ತೂಕಕ್ಕೆ ಹತ್ತಿರ ಬರುವ ಬೇಟೆಯನ್ನೇ ಹಿಡಿಯದೆ ವಿಧಿಯಿಲ್ಲ, ಏಕೆಂದರೆ ಸಣ್ಣದನ್ನು ಹುಡುಕುವುದರಲ್ಲಿ ವ್ಯಯವಾಗುವ ಶಕ್ತಿಯನ್ನು ಆ ಸಣ್ಣದು ತುಂಬಿಕೊಡಲಾರದು. ಗಾತ್ರವು ಹೆಚ್ಚಿದಂತೆ ತಲೆಯೆಣಿಕೆಯು ಇಳಿಯಬೇಕೆಂಬುದೂ ಇದೇ ಲೆಕ್ಕದ ಇನ್ನೊಂದು ಮುಖ. 2021ರಲ್ಲಿ ಬರ್ಕ್ಲಿಯ ಚಾರ್ಲ್ಸ್ ಮಾರ್ಷಲ್ ಮತ್ತಿತರರು ಈ ಸಂಬಂಧವನ್ನೇ ಹಿಡಿದು ಗಣಿಸಿದಾಗ, ಒಂದೊಂದು ಕಾಲಕ್ಕೆ ಬದುಕಿದ್ದ ಬೆಳೆದ ಟೈರನೋಸಾರಸ್‌ಗಳ ಸಂಖ್ಯೆ ಇಪ್ಪತ್ತು ಸಾವಿರದ ಸುಮಾರಿನದೆಂದೂ, ನೂರು ಚದರ ಕಿಲೋಮೀಟರಿಗೆ ಒಂದರಂತೆ ಅವು ಚದರಿದ್ದುವೆಂದೂ ಬಂದಿತು. ಈ ಸಂಖ್ಯೆಗಳ ಹಿಂದೆ ಮುಂದೆ ಬಹಳ ಎಡೆಯನ್ನು ಬಿಡಬೇಕೆಂದು ಗಣಿಸಿದವರೇ ಎಚ್ಚರಿಸಿದ್ದಾರೆ. ಎಷ್ಟು ಎಡೆಬಿಟ್ಟರೂ, ಅಷ್ಟು ವಿರಳವಾದ ಪ್ರಾಣಿಯೊಂದು ತನ್ನ ಇರವಿನಿಂದಲೇ ಮಧ್ಯಮಗಾತ್ರದ ಬೇಟೆಗಾರರನ್ನೆಲ್ಲ ಅಳಿಸಿಹಾಕಿತೆಂದರೆ ನಂಬುವುದು ಕಷ್ಟ. ನೂರರಿಂದ ಸಾವಿರ ಕಿಲೋಗ್ರಾಂವರೆಗಿನ ಕೆಲಸವನ್ನು ಬೇರೆ ಯಾರೋ ಮಾಡುತ್ತಿದ್ದಿರಬೇಕು.

ಆ ಕೆಲಸವನ್ನು ಮಾಡುತ್ತಿದ್ದುದು ಟೈರನೋಸಾರಸ್‌ನ ಮಕ್ಕಳೇ ಎಂಬುದು ಹಲವರು ವಿದ್ವಾಂಸರ ಉತ್ತರ. ಇದನ್ನು ಗ್ರಹಿಸಬೇಕಾದರೆ ಹಾಲುಣಿಸುವ ಪ್ರಾಣಿಗೂ ಮೊಟ್ಟೆಯಿಡುವ ಪ್ರಾಣಿಗೂ ಇರುವ ಮೂಲಭೇದವನ್ನು ನೆನೆಯಬೇಕು. ಹುಲಿಯ ಮರಿಯು ಮೊದಲು ತಾಯ ಹಾಲನ್ನೂ ಬಳಿಕ ತಾಯಿ ಕೊಂದ ಮಾಂಸವನ್ನೂ ತಿಂದು, ಸುಮಾರು ಎರಡು ವರ್ಷ ಅವಳ ನೆರಳಿನಲ್ಲಿದ್ದು, ತನ್ನ ಹೊಟ್ಟೆಯನ್ನು ತಾನು ಹೊರೆಯಬೇಕಾದ ವೇಳೆಗೆ ಹೆಚ್ಚುಕಡಮೆ ಪೂರ್ಣಗಾತ್ರಕ್ಕೆ ಬಂದಿರುತ್ತದೆ. ಆದುದರಿಂದ ‘ಸಣ್ಣ ಹುಲಿ’ ಎಂಬ ಸ್ವತಂತ್ರ ಬೇಟೆಗಾರನು ಕಾಡಿನಲ್ಲಿಲ್ಲ, ಅವನ ಜಾಗವು ಚಿರತೆಗೆ ತೆರೆದಿರುತ್ತದೆ. ಮೊಟ್ಟೆಯಾದರೋ ಮನಬಂದಷ್ಟು ದೊಡ್ಡದಾಗಲಾರದು. ಒಳಗಿನ ಭಾರವನ್ನು ತಾಳುವಂತೆ ಚಿಪ್ಪು ದಪ್ಪವಾದಷ್ಟೂ ಒಳಗಿನ ಜೀವಕ್ಕೆ ಗಾಳಿ ಹಾಯುವುದು ಕಷ್ಟವಾಗುತ್ತದೆ. ಈ ಇಕ್ಕಟ್ಟಿನಿಂದ ಎಂಟು ಟನ್ನಿನ ತಾಯಿಯ ಮೊಟ್ಟೆಯಿಂದಲೂ ಹೊರಬೀಳುವುದು ಪುಟ್ಟ ಮರಿಯೇ. ಟೈರನೋಸಾರಸ್ ಕುಲದ ಭ್ರೂಣಗಳದೆಂದು ಗುರುತಿಸಲಾದ, ಮಾಂಟಾನಾದ ಒಂದು ಎಳೆಯ ದವಡೆಯನ್ನೂ ಆಲ್ಬರ್ಟದ ಒಂದು ಉಗುರನ್ನೂ 2021ರಲ್ಲಿ ವರ್ಣಿಸಿದಾಗ, ಈ ಕುಲದ ಮರಿಯು ಮೊಟ್ಟೆಯೊಡೆದು ಬರುವಾಗ ಮೂಗಿನಿಂದ ಬಾಲದ ತುದಿಯವರೆಗೆ ಮೂರಡಿಯಷ್ಟಿದ್ದಿತೆಂದು ಅಂದಾಜಾಯಿತು. ಮೂರಡಿಯಿಂದ ನಲವತ್ತಡಿಗೆ ಬೆಳೆಯುವ ಪ್ರಾಣಿಯು ಆ ದಾರಿಯಲ್ಲಿ ಬೆಕ್ಕಿನ ಗಾತ್ರ, ನಾಯಿಯ ಗಾತ್ರ, ಚಿರತೆಯ ಗಾತ್ರ, ಕುದುರೆಯ ಗಾತ್ರಗಳನ್ನೆಲ್ಲ ಹಾದುಹೋಗಲೇಬೇಕು. ಹಾಗೆ ಹಾದುಹೋಗುವ ಪ್ರಾಣಿಯನ್ನು ನಾವು ಈಗಲೂ ನೋಡಬಹುದು: ಇಂಡೊನೇಷ್ಯದ ಕೊಮೊಡೊ ಉಡವು ಮರಿಯಾಗಿದ್ದಾಗ ಮರವೇರಿ ಕೀಟಗಳನ್ನೂ ಹಲ್ಲಿಗಳನ್ನೂ ತಿನ್ನುತ್ತದೆ, ದೊಡ್ಡದಾದ ಮೇಲೆ ನೆಲದಲ್ಲಿ ಹೊಂಚಿ ಜಿಂಕೆಯನ್ನೂ ಎಮ್ಮೆಯನ್ನೂ ಕೆಡಹುತ್ತದೆ, ತನ್ನ ಜಾತಿಯ ಮರಿಗಳು ಕೆಳಗಿಳಿದರೆ ಅವನ್ನೂ ಬಿಡುವುದಿಲ್ಲ.

ಈ ಬೆಳವಣಿಗೆಯ ವೇಗವನ್ನು ತಿಳಿಯುವ ಬಗೆ ಸ್ವಾರಸ್ಯವಾದುದು. ಮರದ ಕಾಂಡದಲ್ಲಿರುವಂತೆ ಡೈನೋಸಾರ್‌ನ ಎಲುಬಿನಲ್ಲಿಯೂ ವರ್ಷಕ್ಕೊಂದರಂತೆ ಬೆಳವಣಿಗೆ ನಿಂತ ಗೆರೆಗಳುಂಟು; ಎಲುಬನ್ನು ಕಾಗದದಷ್ಟು ತೆಳ್ಳಗೆ ಕೊಯ್ದು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಅವನ್ನು ಎಣಿಸಬಹುದು. 2004ರಲ್ಲಿ ಗ್ರೆಗರಿ ಎರಿಕ್ಸನ್ ಮತ್ತು ಅವರ ಸಹೋದ್ಯೋಗಿಗಳು ಹೀಗೆಣಿಸಿ ಮಂಡಿಸಿದ ಲೆಕ್ಕದ ಪ್ರಕಾರ, ಟೈರನೋಸಾರಸ್ ತನ್ನ ಬಾಲ್ಯವನ್ನು ಸಾವಕಾಶವಾಗಿ ಕಳೆದು, ಹದಿನಾಲ್ಕರಿಂದ ಹದಿನೆಂಟರವರೆಗಿನ ಪ್ರಾಯದಲ್ಲಿ ಒಮ್ಮೆಗೆ ಉಬ್ಬುತ್ತ, ದಿನವೊಂದಕ್ಕೆ ಎರಡು ಕಿಲೋಗ್ರಾಮಿನಷ್ಟು ತೂಕವನ್ನು ಕೂಡಿಸಿಕೊಳ್ಳುತ್ತಿದ್ದಿತು. ಚಿಕಾಗೋದ ಫೀಲ್ಡ್ ವಸ್ತುಸಂಗ್ರಹಾಲಯದಲ್ಲಿರುವ, ಸೂ ಎಂಬ ಹೆಸರಿನಿಂದ ಜಗದ್ವಿಖ್ಯಾತವಾದ ಅಸ್ಥಿಪಂಜರದ ಪ್ರಾಣಿಯು ಸತ್ತಾಗ ಅದಕ್ಕೆ 28 ವರ್ಷವೆಂದು ಅವರು ಕಂಡರು. ಪೂರ್ಣಪ್ರಾಯದ ವೈಭವದಲ್ಲಿ ಅದು ಕಳೆದುದು ಹತ್ತೇ ವರ್ಷ. ಅದಕ್ಕಿಂತ ದೀರ್ಘವಾದ ಕಾಲವನ್ನು ಅದು ಸಣ್ಣ ಅಥವಾ ನಡುವಣ ಗಾತ್ರದ ಪ್ರಾಣಿಯಾಗಿ ಕಳೆದಿತ್ತು. ಯಾವುದೇ ಗಳಿಗೆಯಲ್ಲಿ ಆ ಕಾಡಿನಲ್ಲಿ ಅಲೆಯುತ್ತಿದ್ದ ಟೈರನೋಸಾರಸ್‌ಗಳಲ್ಲಿ ಹೆಚ್ಚಿನವು ನಮ್ಮ ಕಲ್ಪನೆಯ ಮಹಾರಾಜರಾಗಿರದೆ ಎಳೆಯವೇ ಆಗಿದ್ದುವೆಂದು ಇದರಿಂದ ಊಹಿಸಬಹುದಾಗಿದೆ.

ಎಳೆಯದು ಬೆಳೆದುದರ ಕಿರುಪ್ರತಿಯಾಗಿದ್ದರೆ ಈ ವಾದಕ್ಕೆ ಅಷ್ಟು ಬಲವಿರುತ್ತಿರಲಿಲ್ಲ. ಈ ಕುಲದಲ್ಲಿ ಬೆಳವಣಿಗೆಯೊಡನೆ ಆಕಾರವೂ ಬದಲಾಗುತ್ತಿದ್ದಿತು. ಮರಿಗೆ ನೀಳವಾದ, ಹಗುರವಾದ ತಲೆ. ಮಾಂಸವನ್ನು ಸೀಳಲು ತಕ್ಕ, ಎರಡೂ ಪಕ್ಕದಿಂದ ತೆಳುವಾದ ಹಲ್ಲುಗಳು. ದೇಹಕ್ಕೆ ಮೀರಿದ ಉದ್ದದ ಕಾಲುಗಳು. ಬೆಳೆದುದಕ್ಕೆ ಅಗಲವಾಗಿ ಆಳವಾದ ತಲೆ, ಗೂಟದಂತೆ ದಪ್ಪನಾದ ಹಲ್ಲುಗಳು, ಭಾರವಾದ ಕುತ್ತಿಗೆ. ಬೆಳೆದ ಟೈರನೋಸಾರಸ್‌ನ ಕಡಿತದ ಬಲವನ್ನು ಒಬ್ಬೊಬ್ಬರು ಒಂದೊಂದು ರೀತಿಯಲ್ಲಿ ಗಣಿಸಿದ್ದಾರಾದರೂ, ಈಗ ಬದುಕಿರುವ ಯಾವ ನೆಲದ ಪ್ರಾಣಿಗೂ ಅಂಥ ದವಡೆಯಿಲ್ಲವೆಂಬುದರಲ್ಲಿ ಎಲ್ಲರಿಗೂ ಒಮ್ಮತವಿದೆ. ಕೆನಡಾದ ಸಸ್ಕಾಚೆವಾನ್ ಪ್ರಾಂತದಲ್ಲಿ ಸಿಕ್ಕಿ 1998ರಲ್ಲಿ ವರ್ಣಿತವಾದ, 44 ಸೆಂಟಿಮೀಟರ್ ಉದ್ದದ, ಕಲ್ಲಾಗಿಹೋದ ಒಂದು ಮಲಪಿಂಡದಲ್ಲಿ ಸಸ್ಯಾಹಾರಿ ಡೈನೋಸಾರ್ ಒಂದರ ಎಲುಬಿನ ಪುಡಿ ತುಂಬಿದ್ದಿತು. ಟೈರನೋಸಾರಸ್ ಎಲುಬನ್ನು ಉಳಿಸಿ ಮಾಂಸವನ್ನು ಆರಿಸುತ್ತಿರಲಿಲ್ಲ, ಎಲುಬುಸಹಿತವಾಗಿ ಅರೆದು ನುಂಗುತ್ತಿದ್ದಿತು. ಅಟ್ಟಿ ಹಿಡಿಯುವ ಕೆಲಸಕ್ಕೆ ಮರಿಯ ಅಂಗಾಂಗಗಳು ಹೇಗೆ ತಕ್ಕುವೋ, ಮಹಾಕಾಯದ ಸಸ್ಯಾಹಾರಿಯನ್ನು ಕೆಡಹಿ ಒಡೆಯುವ ಕೆಲಸಕ್ಕೆ ಪ್ರೌಢನವು ಹಾಗೆ ತಕ್ಕುವು.

ಇದೆಲ್ಲ ಅಂಗರಚನೆಯಿಂದ ಮಾಡಿದ ಅನುಮಾನ. ಅನುಮಾನಕ್ಕಿಂತ ಪ್ರತ್ಯಕ್ಷವು ಮೇಲಷ್ಟೆ. ಆ ಪ್ರತ್ಯಕ್ಷವು ಟೈರನೋಸಾರಸ್‌ನ ದಾಯಾದಿಯೂ ಅದಕ್ಕಿಂತ ಸುಮಾರು ಒಂದು ಕೋಟಿ ವರ್ಷ ಹಿಂದಿನದೂ ಆದ ಗೋರ್ಗೋಸಾರಸ್‌ನ ಹೊಟ್ಟೆಯಲ್ಲಿ ದೊರಕಿತು. 2009ರಲ್ಲಿ ಕೆನಡಾದ ಆಲ್ಬರ್ಟ ಪ್ರಾಂತದಲ್ಲಿ ಅಗೆದು ತೆಗೆದ ಎಳೆಯ ಗೋರ್ಗೋಸಾರಸ್ ಒಂದನ್ನು ರಾಯಲ್ ಟಿರೆಲ್ ವಸ್ತುಸಂಗ್ರಹಾಲಯದಲ್ಲಿ ಶುಚಿಮಾಡುತ್ತಿದ್ದಾಗ, ಅದರ ಪಕ್ಕೆಲುಬುಗಳ ನಡುವಿನಿಂದ ಸಣ್ಣ ಕಾಲ್ಬೆರಳಿನ ಎಲುಬುಗಳು ಹೊರಚಾಚಿದ್ದುದು ಕಾಣಿಸಿತು. ಫ್ರಾಂಸ್ವಾ ಥೆರಿಯನ್ ಮತ್ತು ಡಾರ್ಲಾ ಝೆಲೆನಿಟ್ಸ್ಕಿ ಮೊದಲಾದವರು 2023ರಲ್ಲಿ ಇದನ್ನು ವಿವರಿಸಿದರು. ಸತ್ತಾಗ ಆ ಬೇಟೆಗಾರನ ಪ್ರಾಯ ಐದರಿಂದ ಏಳು ವರ್ಷ, ತೂಕ 335 ಕಿಲೋಗ್ರಾಂ ಸುಮಾರು. ಅದರ ಹೊಟ್ಟೆಯಲ್ಲಿದ್ದುದು ಸಿಟಿಪೆಸ್ ಎಂಬ, ಹಕ್ಕಿಯನ್ನು ಹೋಲುವ ಡೈನೋಸಾರ್‌ನ, ಹುಟ್ಟಿ ವರ್ಷವೂ ದಾಟಿರದ ಎರಡು ಮರಿಗಳ ಹಿಂಗಾಲುಗಳು. ಒಂದರ ಎಲುಬು ಹೆಚ್ಚು ಜೀರ್ಣವಾಗಿ ಇನ್ನೊಂದರದು ಕಡಮೆ ಜೀರ್ಣವಾಗಿರುವುದರಿಂದ ಅವನ್ನು ಬೇರೆ ಬೇರೆ ಹೊತ್ತಿನಲ್ಲಿ ತಿಂದಿರಬೇಕು. ಮುಂಡವನ್ನು ಬಿಟ್ಟು ಕಾಲನ್ನಷ್ಟೇ ಕಿತ್ತು ನುಂಗಿರುವುದರಿಂದ ಅಲ್ಲಿಯೇ ಮಾಂಸ ಹೆಚ್ಚೆಂಬುದು ಅದಕ್ಕೆ ತಿಳಿದಿದ್ದಿರಬೇಕು. ಬೆಳೆದ ಗೋರ್ಗೋಸಾರಸ್ ಎರಡು ಮೂರು ಟನ್ನು ತೂಗುತ್ತ ದೊಡ್ಡ ಸಸ್ಯಾಹಾರಿಗಳನ್ನು ಬೇಟೆಯಾಡುತ್ತಿದ್ದಿತು. ಅದರ ಕಿಶೋರನಾದರೋ ಹತ್ತು ಹನ್ನೆರಡು ಕಿಲೋಗ್ರಾಮಿನ ಮರಿಗಳನ್ನು ಆರಿಸಿ ಆರಿಸಿ ಹಿಡಿಯುತ್ತಿದ್ದಿತು. ನಾನು ಓದಿದ ಪುರಾವೆಗಳಲ್ಲೆಲ್ಲ ಇಷ್ಟು ಸ್ಪಷ್ಟವಾಗಿ ಮಾತಾಡುವುದು ಇನ್ನೊಂದಿಲ್ಲ.

ಒಂದು ಕಾಡಿನ, ಒಂದು ಹೊಟ್ಟೆಯ ಸಾಕ್ಷ್ಯದಿಂದ ಲೋಕನಿಯಮವನ್ನು ಕಟ್ಟಲಾಗದು. ನ್ಯೂ ಮೆಕ್ಸಿಕೋ ವಿಶ್ವವಿದ್ಯಾನಿಲಯದ ಕ್ಯಾಟ್ಲಿನ್ ಶ್ರೋಡರ್ ಮತ್ತು ಫೆಲಿಸಾ ಸ್ಮಿತ್, ಅವರೊಡನೆ ಕ್ಯಾಥ್ಲೀನ್ ಲಯನ್ಸ್ ಅವರು ಏಳು ಖಂಡಗಳಿಂದಲೂ ಹದಿಮೂರೂವರೆ ಕೋಟಿ ವರ್ಷಗಳ ಅವಧಿಯಿಂದಲೂ ಆರಿಸಿದ 43 ಡೈನೋಸಾರ್ ಸಮುದಾಯಗಳನ್ನು ತೂಕದ ಮೇಲೆ ವಿಂಗಡಿಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನವು ಆ ಕೊರತೆಯನ್ನು ಬಹುಮಟ್ಟಿಗೆ ನೀಗಿತು. ಒಂದು ಟನ್ನಿಗೆ ಮೀರಿದ ಮಾಂಸಾಹಾರಿಯು ಎಲ್ಲಿ ಇದ್ದಿತೋ ಅಲ್ಲಿ ನೂರರಿಂದ ಸಾವಿರ ಕಿಲೋಗ್ರಾಂವರೆಗಿನ ಮಾಂಸಾಹಾರಿಗಳು ಅತ್ಯಲ್ಪ. ಅದೇ ಜಾಗದ ಸಸ್ಯಾಹಾರಿಗಳಲ್ಲಿ ಅಂಥ ಕಂದರವಿಲ್ಲ. ಎಲುಬುಗಳು ಕಲ್ಲಾಗುವ ಬಗೆಯಲ್ಲಿ ಏನೋ ಪಕ್ಷಪಾತವಿದ್ದು ನಡುಗಾತ್ರದವು ಅಳಿದುಹೋದುವೆಂದು ಹೇಳೋಣವೆಂದರೆ, ಅದೇ ಗಾತ್ರದ ಸಸ್ಯಾಹಾರಿಗಳು ಹೇಗೆ ಉಳಿದುವೆಂಬ ಪ್ರಶ್ನೆಗೆ ಉತ್ತರವಿಲ್ಲ. ಮಹಾಮಾಂಸಾಹಾರಿಗಳ ಮರಿಗಳನ್ನು ಬೇರೆಯೇ ಜಾತಿಗಳೋ ಎಂಬಂತೆ ಲೆಕ್ಕಕ್ಕೆ ಸೇರಿಸಿ ನೋಡಿದಾಗ ಮಾತ್ರ ಆ ಕಂದರವು ತುಂಬಿತು.

ಈ ಅಧ್ಯಯನದಲ್ಲಿ ನನ್ನನ್ನು ಹೆಚ್ಚಾಗಿ ಸೆಳೆದುದು ನಿಯಮಕ್ಕಿಂತ ಅದರ ಸಡಿಲಿಕೆ. ಡೈನೋಸಾರ್‌ಗಳ ಕೊನೆಯ ಯುಗವಾದ ಕ್ರಿಟೇಶಿಯಸ್‌ನಲ್ಲಿ ಅಗಲವಾಗಿರುವ ಕಂದರವು ಅದಕ್ಕೆ ಹಿಂದಿನ ಜುರಾಸಿಕ್‌ನಲ್ಲಿ ಕಿರಿದಾಗಿದೆ. ಹದಿನೈದು ಕೋಟಿ ವರ್ಷಗಳ ಹಿಂದಿನ, ಅಮೆರಿಕದ ಪಶ್ಚಿಮ ಪ್ರಾಂತಗಳಲ್ಲಿ ಹರಡಿರುವ ಮಾರಿಸನ್ ಶಿಲಾಸ್ತೋಮದಲ್ಲಿ ಆಲೋಸಾರಸ್, ಟಾರ್ವೋಸಾರಸ್, ಮೂಗಿನ ಮೇಲೆ ಕೊಂಬುಳ್ಳ ಸೆರಟೋಸಾರಸ್ ಎಂಬ ದೊಡ್ಡವೂ, ಮಾರ್ಷೋಸಾರಸ್ ಎಂಬ ನಡುಗಾತ್ರದ್ದೂ, ಆರ್ನಿಥೋಲೆಸ್ಟಿಸ್ ಎಂಬ ಪುಟ್ಟದೂ ಒಟ್ಟಿಗೆ ದೊರೆಯುತ್ತವೆ; ಯೂಟಾದ ಕ್ಲೀವ್‌ಲೆಂಡ್–ಲಾಯ್ಡ್ ಎಂಬ ಒಂದೇ ಅಗೆತದಲ್ಲಿ ನಲವತ್ತಕ್ಕೂ ಮಿಕ್ಕ ಆಲೋಸಾರಸ್‌ಗಳ ಎಲುಬು ಸಿಕ್ಕಿದೆ. ಆಲೋಸಾರಸ್‌ನ ಮರಿಯು ತನ್ನ ಹಿರಿಯರಿಂದ ಟೈರನೋಸಾರಸ್‌ನ ಮರಿಯಷ್ಟು ಭಿನ್ನವಾಗಿರಲಿಲ್ಲ. ಎಮಿಲಿ ರೇಫೀಲ್ಡ್ ಅವರು 2001ರಲ್ಲಿ ಅದರ ತಲೆಬುರುಡೆಯನ್ನು ಗಣಕಯಂತ್ರದಲ್ಲಿ ರೂಪಿಸಿ ಪರೀಕ್ಷಿಸಿದಾಗ, ಬುರುಡೆಯು ಪೆಟ್ಟನ್ನು ತಾಳುವುದರಲ್ಲಿ ಗಟ್ಟಿಯಾಗಿದ್ದರೂ ದವಡೆಯ ಸ್ನಾಯುಬಲವು ಸಿಂಹದ್ದಕ್ಕಿಂತ ಕಡಮೆಯೆಂದು ಬಂದಿತು; ಎಳೆಯದೂ ಬೆಳೆದದ್ದೂ ಮಾಂಸವನ್ನು ಸೀಳಿಯೇ ತಿನ್ನುತ್ತಿದ್ದುವು. ಬಾಲ್ಯದ ಕಸುಬು ಬೇರೆ, ಪ್ರೌಢತೆಯ ಕಸುಬು ಬೇರೆ ಎಂಬ ವ್ಯವಸ್ಥೆ ಅಲ್ಲಿ ಪೂರ್ತಿಯಾಗಿ ಏರ್ಪಡದೆ ಇದ್ದುದರಿಂದ, ಇತರ ಕುಲಗಳಿಗೆ ನಡುವೆ ಅಷ್ಟಿಷ್ಟು ಎಡೆ ಉಳಿಯಿತೆಂದು ತೋರುತ್ತದೆ. ಅದಲ್ಲದೆ ಮಾರಿಸನ್‌ನಲ್ಲಿ ನೀಳಕುತ್ತಿಗೆಯ ಸಾರೋಪಾಡ್‌ಗಳ ಮಹಾಸಮೃದ್ಧಿಯಿದ್ದಿತು. ಅಂಥದೊಂದು ಸತ್ತುಬಿದ್ದರೆ ಎಷ್ಟು ಬಾಯಿಗಳಿಗೂ ಊಟ.

ಟೈರನೋಸಾರಸ್‌ನ ವಂಶಕ್ಕೆ ಅರಸೊತ್ತಿಗೆಯು ಹುಟ್ಟಿನಿಂದ ಬಂದುದಲ್ಲವೆಂಬುದನ್ನೂ ಇಲ್ಲಿ ಹೇಳಬೇಕು. ಯೂಟಾದಲ್ಲಿ ದೊರೆತು 2019ರಲ್ಲಿ ಹೆಸರು ಪಡೆದ ಮೋರೋಸ್ ಎಂಬುದು ಒಂಬತ್ತು ಕೋಟಿ ಅರುವತ್ತು ಲಕ್ಷ ವರ್ಷಗಳ ಹಿಂದಿನ ಅವರ ಪೂರ್ವಜ ಬಂಧು. ಅದರ ತೂಕ 78 ಕಿಲೋಗ್ರಾಂ ಸುಮಾರಿನದು, ಕಾಲುಗಳು ಓಟಗಾರನವು. ಅದೇ ಶಿಲಾಸ್ತೋಮದ ಸಿಯಾಟ್ಸ್ ಎಂಬ, ಆಲೋಸಾರಸ್‌ನ ಬಳಗಕ್ಕೆ ಸೇರಿದ್ದೆಂದು ಎಣಿಸಲಾದ ಮಹಾಕಾಯವು ನಾಲ್ಕು ಟನ್ನಿಗೂ ಮೇಲ್ಪಟ್ಟದ್ದು. ಅಲ್ಲಿ ಸಣ್ಣ ಬೇಟೆಗಾರನ ಪಾತ್ರ ಮೋರೋಸ್‌ನದು, ದೊಡ್ಡ ಬೇಟೆಗಾರನ ಪಾತ್ರ ಸಿಯಾಟ್ಸ್‌ನದು. ಆ ಹಳೆಯ ದೊರೆಗಳು ಏತಕ್ಕೆ ಅಳಿದರೋ, ಅವರು ಅಳಿದ ಬಳಿಕ, ಎಂಟು ಕೋಟಿ ವರ್ಷಗಳ ಹಿಂದಿನ ವೇಳೆಗೆ ಲಿಥ್ರೋನ್ಯಾಕ್ಸ್‌ನಂಥ ದೊಡ್ಡ ಟೈರನೋಸಾರ್‌ಗಳು ಯೂಟಾದಲ್ಲಿಯೇ ಕಾಣಿಸಿಕೊಳ್ಳುತ್ತವೆ. ಮೇರಿಲೆಂಡ್ ವಿಶ್ವವಿದ್ಯಾನಿಲಯದ ಥಾಮಸ್ ಹೋಲ್ಟ್ಸ್ ಅವರು, ಮೇಲಿನ ಪಟ್ಟವನ್ನು ಏರಿದ ಈ ವಂಶವು ಕೆಳಗಿನ ಮನೆಯನ್ನು ಬಿಟ್ಟುಕೊಡದೆ ತನ್ನ ಮಕ್ಕಳನ್ನು ಅಲ್ಲಿ ನೆಲೆಗೊಳಿಸಿತೆಂಬ ಅರ್ಥ ಬರುವ ಊಹೆಯನ್ನು 2021ರಲ್ಲಿ ವಿಸ್ತಾರವಾಗಿ ಮಂಡಿಸಿದರು. ಏಷ್ಯ ಮತ್ತು ಉತ್ತರ ಅಮೆರಿಕಗಳ ಕೊನೆಯ ಕಾಲದ ಸಮುದಾಯಗಳಿಗೆ ಅದು ಚೆನ್ನಾಗಿ ಒಪ್ಪುತ್ತದೆ.

ಪಾತ್ರವು ಗಾತ್ರದಿಂದಲೇ ನಿಶ್ಚಿತವಾಗುವುದೆಂದು ಇದರಿಂದ ತಿಳಿಯಬಾರದು. ಆಫ್ರಿಕದ ಉತ್ತರಭಾಗದಲ್ಲಿ, ಕ್ರಿಟೇಶಿಯಸ್‌ನ ನಡುಗಾಲದಲ್ಲಿ, ಅನೇಕ ಟನ್ನು ತೂಗುವ ಮಾಂಸಾಹಾರಿಗಳು ಎರಡು ಮೂರು ಜಾತಿಯವು ಒಂದೇ ನೆಲದಲ್ಲಿದ್ದುವು. ಈಜಿಪ್ಟಿನ ಬಹರಿಯಾ ಓಯಸಿಸ್‌ನಿಂದ ಬಂದ ಸ್ಪೈನೋಸಾರಸ್ ಎಂಬ ಬೆನ್ನುಹಾಯಿಯ ಜೀವಿಯನ್ನು ಜರ್ಮನಿಯ ಅರ್ನ್ಸ್ಟ್ ಸ್ಟ್ರೋಮರ್ ಅವರು 1915ರಲ್ಲಿ ವರ್ಣಿಸಿದರು. ಆ ಮೂಲ ಎಲುಬುಗಳು 1944ರ ಏಪ್ರಿಲ್‌ನಲ್ಲಿ ಮ್ಯೂನಿಕ್ ನಗರದ ಮೇಲೆ ಬಾಂಬು ಬಿದ್ದಾಗ ಭಸ್ಮವಾದುವು. ಇಷ್ಟೊಂದು ದೊಡ್ಡ ಬೇಟೆಗಾರರಿಗೆ ನೆಲದ ಸಸ್ಯಾಹಾರಿಗಳು ಸಾಲುತ್ತಿದ್ದುವೆ ಎಂಬ ಸಂದೇಹಕ್ಕೆ ಉತ್ತರವು ನೀರಿನಲ್ಲಿದೆ. ಸ್ಪೈನೋಸಾರಸ್‌ನ ಮೊಸಳೆಯಂಥ ನೀಳಮೂತಿ ಮತ್ತು ಶಂಕುವಿನಾಕಾರದ ಹಲ್ಲುಗಳೂ, ಮೊರಾಕ್ಕೋದಲ್ಲಿ ದೊರೆತು 2020ರಲ್ಲಿ ವರ್ಣಿತವಾದ ಅದರ ಹುಟ್ಟಿನಂಥ ಬಾಲವೂ ಮೀನಿನ ಕಡೆಗೆ ಬೆರಳು ತೋರುತ್ತವೆ. ಅದು ಈಜಿ ಅಟ್ಟುತ್ತಿದ್ದಿತೋ ಕೊಕ್ಕರೆಯಂತೆ ನಿಂತು ಹೊಂಚುತ್ತಿದ್ದಿತೋ ಎಂಬ ಜಗಳವು ಇನ್ನೂ ನಿಂತಿಲ್ಲ. ಅದರ ನಂಟ, 1983ರಲ್ಲಿ ಇಂಗ್ಲೆಂಡಿನ ಒಂದು ಜೇಡಿಮಣ್ಣಿನ ಗುಂಡಿಯಲ್ಲಿ ವಿಲಿಯಂ ವಾಕರ್ ಎಂಬ ಹವ್ಯಾಸಿಗೆ ಸಿಕ್ಕ ಬ್ಯಾರಿಯೋನಿಕ್ಸ್‌ನ ಉದರಭಾಗದಲ್ಲಿ, ಜಠರಾಮ್ಲವು ತಿಂದ ಮೀನಿನ ಹುರುಪೆಗಳ ಜೊತೆಗೆ ಎಳೆಯ ಸಸ್ಯಾಹಾರಿ ಡೈನೋಸಾರ್ ಒಂದರ ಎಲುಬೂ ಇದ್ದಿತು. ಮೀನುಗಾರನಾದವನು ಮಾಂಸವನ್ನು ಒಲ್ಲೆನೆನ್ನುವುದಿಲ್ಲ.

ತೀರ ಸಣ್ಣವುಗಳ ವಿಚಾರವನ್ನು ಚುಟುಕಾಗಿ ಮುಗಿಸಬಹುದು, ಏಕೆಂದರೆ ಅವುಗಳ ಪಾತ್ರವು ಈಗಿನ ಸಣ್ಣ ಬೇಟೆಗಾರರದನ್ನು ಬಹಳವಾಗಿ ಹೋಲುತ್ತದೆ. ಚೀನದ ಲಿಯಾವೊನಿಂಗ್ ಪ್ರಾಂತದ, ಕೈಕಾಲು ನಾಲ್ಕರಲ್ಲೂ ಗರಿಯಿದ್ದ, ಕಾಗೆಯಷ್ಟು ದೊಡ್ಡದಾದ ಮೈಕ್ರೋರ್‍ಯಾಪ್ಟರ್‌ನ ಹೊಟ್ಟೆಯಲ್ಲಿ ಮೀನು, ಹಕ್ಕಿ, ಹಲ್ಲಿ, ಪುಟ್ಟ ಸ್ತನಿ ಇವುಗಳೆಲ್ಲದರ ಎಲುಬುಗಳು ಬೇರೆ ಬೇರೆ ಮಾದರಿಗಳಲ್ಲಿ ದೊರೆತಿವೆ. ಹಾಗೆ ನುಂಗಿಸಿಕೊಂಡ ಒಂದು ಹಲ್ಲಿಗೆ, ವೃತ್ರನು ಇಂದ್ರನನ್ನು ನುಂಗಿದ ನಮ್ಮ ಪುರಾಣಕಥೆಯನ್ನು ನೆನೆದು 2019ರಲ್ಲಿ ಇಂದ್ರಸಾರಸ್ ಎಂದು ಹೆಸರಿಟ್ಟರು. ದೇವರಾಜನಿಗೆ ಇಂಥ ಬಂಧುತ್ವವು ಬಂದೀತೆಂದು ಯಾರು ಎಣಿಸಿದ್ದರು!

ನಮ್ಮ ದೇಶದ ಸಮುದಾಯವೊಂದೂ ಈ ಚರ್ಚೆಗೆ ಒದಗುತ್ತದೆ. ಕರ್ನಾಟಕದ ನೆಲದ ಬಹುಭಾಗವು ಡೈನೋಸಾರ್‌ಗಳಿಗಿಂತ ಎಷ್ಟೋ ಪಾಲು ಪುರಾತನವಾದ ಶಿಲೆಯಾದುದರಿಂದ ಅಲ್ಲಿ ಅವನ್ನು ಅರಸುವುದು ವ್ಯರ್ಥ. ಆದರೆ ನರ್ಮದೆಯ ಉದ್ದಕ್ಕೂ, ಜಬಲ್ಪುರದಿಂದ ಗುಜರಾತಿನವರೆಗೆ, ಕ್ರಿಟೇಶಿಯಸ್‌ನ ಕೊನೆಯ ಲಾಮೇಟಾ ಪದರಗಳಿವೆ. ಗುಜರಾತಿನ ರಹಿಯೋಲಿಯ ಬಳಿ ದೊರೆತ ಎಲುಬುಗಳಿಗೆ 2003ರಲ್ಲಿ ರಾಜಾಸಾರಸ್ ನರ್ಮದೆನ್ಸಿಸ್ ಎಂಬ ಹೆಸರು ಬಂದಿತು. ಇಪ್ಪತ್ತಡಿಗೂ ಮಿಕ್ಕ ಉದ್ದದ, ಹಣೆಯ ಮೇಲೆ ಗಿಡ್ಡ ಕೊಂಬಿನ ಈ ಬೇಟೆಗಾರನು ಟೈರನೋಸಾರ್‌ಗಳ ಕುಲದವನಲ್ಲ, ದಕ್ಷಿಣಖಂಡಗಳಲ್ಲಿ ಹರಡಿದ್ದ ಅಬೆಲಿಸಾರ್‌ಗಳ ಕುಲದವನು. ಅದೇ ಪದರಗಳಲ್ಲಿ ಸಾರೋಪಾಡ್‌ಗಳ ಗೂಡುಗಳು ಹೇರಳವಾಗಿವೆ. ಧೋಲಿ ಡುಂಗ್ರಿಯೆಂಬಲ್ಲಿ ಧನಂಜಯ ಮೊಹಬೆ ಅವರು ಶೋಧಿಸಿದ ಒಂದು ಗೂಡಿನಲ್ಲಿ, ಒಡೆದ ಮೊಟ್ಟೆಯನ್ನು ಸುತ್ತಿಕೊಂಡು, ಅರ್ಧ ಮೀಟರ್ ಉದ್ದದ ಮರಿಯ ಪಕ್ಕದಲ್ಲಿಯೇ, ಮೂರೂವರೆ ಮೀಟರ್ ಉದ್ದದ ಹಾವೊಂದು ಕಲ್ಲಾಗಿ ಮಲಗಿದೆ. 2010ರಲ್ಲಿ ಅದಕ್ಕೆ ಸನಾಜೆ ಇಂಡಿಕಸ್ ಎಂದು ಹೆಸರಾಯಿತು. ಡೈನೋಸಾರ್‌ಗಳ ಕಾಲದಲ್ಲಿ ಬೇಟೆಯೆಲ್ಲವೂ ಡೈನೋಸಾರ್‌ಗಳದೇ ಎಂದು ಭಾವಿಸುವವರಿಗೆ ಈ ಹಾವು ಒಂದು ಎಚ್ಚರಿಕೆ: ಗೂಡಿನಿಂದ ಈಗತಾನೆ ಹೊರಬಿದ್ದ ಮರಿಯನ್ನು ನುಂಗುವ ಪಾತ್ರಕ್ಕೆ ಬೇರೆ ಉಮೇದುವಾರರೂ ಇದ್ದರು.

ಮರಿಗಳ ಈ ಸಿದ್ಧಾಂತಕ್ಕೆ ಎದುರಾಗಿ ನಿಲ್ಲುವ ಸಂಗತಿಗಳನ್ನೂ ತೂಗಬೇಕಷ್ಟೆ. ಆಲ್ಬರ್ಟದ ಡ್ರೈ ಐಲೆಂಡ್ ಎಂಬಲ್ಲಿ 1910ರಲ್ಲಿ ಬ್ರೌನ್ ಅವರೇ ಕಂಡು, 1997ರಲ್ಲಿ ಫಿಲಿಪ್ ಕರಿ ಅವರು ಮತ್ತೆ ಹುಡುಕಿ ತೆಗೆದ ಅಗೆತದಲ್ಲಿ, ಎಳೆಯವೂ ಮುದಿಯವೂ ಆದ ಹನ್ನೆರಡಕ್ಕೆ ಕಡಮೆಯಿಲ್ಲದ, ಟೈರನೋಸಾರಸ್‌ನ ಬಳಗದ ಆಲ್ಬರ್ಟೋಸಾರಸ್‌ಗಳು ಒಂದೆಡೆ ಸತ್ತುಬಿದ್ದಿವೆ. ಅವು ಹಿಂಡಾಗಿ ಬಾಳಿ ಹಿಂಡಾಗಿ ಬೇಟೆಯಾಡುತ್ತಿದ್ದುವೆಂದಾದರೆ, ಎಳೆಯವಕ್ಕೆ ಒಂದು ಕಸುಬು ಹಿರಿಯವಕ್ಕೆ ಒಂದು ಕಸುಬು ಎಂಬ ವಿಭಜನೆಯು ಸಡಿಲವಾಗುತ್ತದೆ. ಒಂದೆಡೆ ಸತ್ತುವೆಂಬ ಮಾತ್ರಕ್ಕೆ ಒಂದಾಗಿ ಬಾಳಿದುವೆಂದು ಹೇಳಲಾಗದೆಂಬುದೇ ನನ್ನ ಅಭಿಪ್ರಾಯ. ಬರಗಾಲದ ಕೊನೆಯ ಮಡುವಿನ ಸುತ್ತ ಹಗೆಗಳೂ ಸೇರುತ್ತವೆ.

ಇದಕ್ಕಿಂತ ಹರಿತವಾದ ಆಕ್ಷೇಪವು ಹೆಲ್ ಕ್ರೀಕ್‌ನಿಂದಲೇ ಬಂದಿದೆ. 1942ರಲ್ಲಿ ಅಲ್ಲಿ ದೊರೆತು ಕ್ಲೀವ್‌ಲೆಂಡ್ ವಸ್ತುಸಂಗ್ರಹಾಲಯವನ್ನು ಸೇರಿದ ಒಂದು ಸಣ್ಣ ತಲೆಬುರುಡೆಯನ್ನು 1946ರಲ್ಲಿ ಗೋರ್ಗೋಸಾರಸ್‌ನ ಒಂದು ಜಾತಿಯೆಂದು ವರ್ಣಿಸಲಾಯಿತು. 1988ರಲ್ಲಿ ರಾಬರ್ಟ್ ಬ್ಯಾಕರ್ ಮತ್ತಿತರರು ಅದು ಬೇರೆಯೇ ಕುಲದ್ದೆಂದು ನ್ಯಾನೋಟೈರನಸ್ ಎಂಬ ಹೆಸರು ಕೊಟ್ಟರು. 1999ರಲ್ಲಿ ಥಾಮಸ್ ಕಾರ್ ಅವರು ಅದು ಟೈರನೋಸಾರಸ್‌ನ ಮರಿಯಷ್ಟೇ ಎಂದು ವಾದಿಸಿದ ಮೇಲೆ ವಿದ್ವಲ್ಲೋಕವು ಹೆಚ್ಚಾಗಿ ಅವರ ಕಡೆಗೆ ವಾಲಿತು. 2001ರಲ್ಲಿ ಸಿಕ್ಕ ಜೇನ್ ಎಂಬ ಇಪ್ಪತ್ತಡಿಯ ಅಸ್ಥಿಪಂಜರವನ್ನು 2020ರಲ್ಲಿ ಕೊಯ್ದು ನೋಡಿದವರು, ಅದು ಹದಿಮೂರು ವರ್ಷದ, ಇನ್ನೂ ಬೆಳೆಯುತ್ತಿದ್ದ ಪ್ರಾಣಿಯೆಂದು ಹೇಳಿದುದು ಆ ಪಕ್ಷಕ್ಕೆ ಬಲವಾಯಿತು. ನಡುಗಾತ್ರದ ಸ್ಥಾನದಲ್ಲಿ ಮರಿಯನ್ನು ಕೂರಿಸಿದವರೆಲ್ಲರ ಕಣ್ಣಮುಂದೆ ಇದ್ದುದು ಬಹುಮಟ್ಟಿಗೆ ಈ ಜೇನ್‌ಳೇ. ಆದರೆ 2025ರ ಅಕ್ಟೋಬರಿನಲ್ಲಿ ಲಿಂಡ್ಸೆ ಝ್ಯಾನೊ ಮತ್ತು ಜೇಮ್ಸ್ ನಪೋಲಿ ಅವರು, ಟ್ರೈಸೆರಟಾಪ್ಸ್ ಒಂದರೊಡನೆ ಒಂದೇ ಕಡೆ ಹುದುಗಿದ್ದ, ಉತ್ತರ ಕ್ಯಾರೊಲೈನಾದ ವಸ್ತುಸಂಗ್ರಹಾಲಯದಲ್ಲಿರುವ ಅಸ್ಥಿಪಂಜರವನ್ನು ಪರೀಕ್ಷಿಸಿ, ಅದು ಇಪ್ಪತ್ತು ವರ್ಷದ ಸುಮಾರಿನ, ಬೆಳವಣಿಗೆ ಮುಗಿಯುತ್ತ ಬಂದಿದ್ದ, ಏಳುನೂರು ಕಿಲೋಗ್ರಾಮಿನ ನ್ಯಾನೋಟೈರನಸ್ ಎಂದು ಸಾಧಿಸಿದರು. ಜೇನ್‌ಳನ್ನೂ ಆ ಕುಲದ ಇನ್ನೊಂದು ಜಾತಿಯೆಂದು ಎಣಿಸಿದರು. ಎರಡು ತಿಂಗಳೊಳಗೆ ಇನ್ನೊಂದು ತಂಡವು, ಕ್ಲೀವ್‌ಲೆಂಡಿನ ಮೂಲ ಬುರುಡೆಯೊಡನೆ ಉಳಿದಿದ್ದ ಗಂಟಲಿನ ಸಣ್ಣ ಎಲುಬನ್ನು ಕೊಯ್ದು ನೋಡಿ, ಅದೂ ಪ್ರೌಢವೆಂದೇ ಹೇಳಿತು.

ಇದನ್ನು ಒಪ್ಪಿದರೆ ಹೆಲ್ ಕ್ರೀಕ್‌ನಲ್ಲಿ ನಡುಗಾತ್ರವು ಕಾಣೆಯಾಗಿರಲೇ ಇಲ್ಲ. ನಮ್ಮ ಕಣ್ಣೆದುರಿಗೆ ಇದ್ದುದನ್ನು ಮಗುವೆಂದು ಕರೆದುಬಿಟ್ಟಿದ್ದೆವು. ಶ್ರೋಡರ್ ಅವರ 43 ಸಮುದಾಯಗಳಲ್ಲಿ ಒಂದರ ಲೆಕ್ಕವನ್ನು ಇದರಿಂದ ತಿದ್ದಬೇಕಾಗುತ್ತದೆ, ಉಳಿದವುಗಳಲ್ಲಿ ಸಹ ಇಂಥ ತಪ್ಪು ಅಡಗಿದೆಯೋ ಎಂದು ಹುಡುಕಬೇಕಾಗುತ್ತದೆ. ಆಲ್ಬರ್ಟದ ಗೋರ್ಗೋಸಾರಸ್ ಕಿಶೋರನಿಗೂ, ಮಂಗೋಲಿಯದಲ್ಲಿ 2006ರಲ್ಲಿ ಸಿಕ್ಕ ಅದೇ ಬಳಗದ, ಎರಡು ಮೂರು ವರ್ಷದ ಟಾರ್ಬೋಸಾರಸ್ ಮರಿಯ ನಾಜೂಕಾದ ತಲೆಬುರುಡೆಗೂ ಈ ವಿವಾದದಿಂದ ಬಾಧಕವಿಲ್ಲ. ಅವು ಮರಿಗಳೇ, ಅವುಗಳ ಹಲ್ಲುದವಡೆಗಳು ಹಿರಿಯರವಕ್ಕಿಂತ ಬೇರೆಯೇ. ಟೈರನೋಸಾರಸ್‌ನ ಮರಿಯಾದರೂ ಏಳುನೂರು ಕಿಲೋಗ್ರಾಂ ತೂಕವನ್ನು ಹಾದೇ ಎಂಟು ಟನ್ನಿಗೆ ಏರಬೇಕಾಗಿದ್ದಿತಷ್ಟೆ. ಅಂದಮೇಲೆ ಒಂದೇ ತೂಕದ ಇಬ್ಬರು ಬೇಟೆಗಾರರು ಒಂದೇ ಹೊಳೆಯ ಬಯಲಿನಲ್ಲಿ ಕೆಲವು ವರ್ಷಗಳ ಮಟ್ಟಿಗೆ ಎದುರುಬದುರಾಗಿದ್ದರು. ನ್ಯಾನೋಟೈರನಸ್‌ನ ಕೈಗಳು ಬೆಳೆದ ಟೈರನೋಸಾರಸ್‌ನ ಕೈಗಳಿಗಿಂತಲೂ ದೊಡ್ಡವು. ಬಾಯಲ್ಲಿ ಹಲ್ಲುಗಳ ಸಂಖ್ಯೆಯೂ ಹೆಚ್ಚು. ಬೇಟೆಯನ್ನು ಕೈಯಿಂದ ಬಾಚಿ ಹಿಡಿಯಬಲ್ಲ ಪ್ರಾಣಿಯೂ, ಕೈಗಳನ್ನು ಬಹುಮಟ್ಟಿಗೆ ಕಳೆದುಕೊಂಡು ಬಾಯನ್ನೇ ನೆಚ್ಚಿದ ಪ್ರಾಣಿಯೂ ಒಂದೇ ಬೇಟೆಗೆ ಕೈಹಾಕುತ್ತಿದ್ದುವೋ, ಥೆಸೆಲೋಸಾರಸ್ ಒಂದರ ಪಾಲಿಗೆ ಹೋಗಿ ಎಳೆಯ ಎಡ್ಮಂಟೋಸಾರಸ್ ಇನ್ನೊಂದರ ಪಾಲಿಗೆ ಉಳಿಯುತ್ತಿದ್ದಿತೋ ಎಂಬುದನ್ನು, ಹೆಲ್ ಕ್ರೀಕ್‌ನ ಎಲುಬುಗಳ ಮೇಲಿನ ಕಡಿತದ ಗುರುತುಗಳನ್ನು ಈ ಹೊಸ ದೃಷ್ಟಿಯಿಂದ ಮತ್ತೊಮ್ಮೆ ಅಳೆದು ನೋಡುವವರು ಹೇಳಬೇಕಾಗಿದೆ.